ನೈವೇದ್ಯಕ್ಕೆ ತಿರಮಿಸು

ಕಳೆದ ಶುಕ್ರವಾರ ಸಂಜೆ ನಮ್ಮ ಮನೆಯ ದೇವಿಗೆ ತಿರಮಿಸು ನೈವೇದ್ಯವಾಯಿತು.

ಬೇಕಾದರೆ ಇನ್ನೊಮ್ಮೆ ಓದಿಕೊಳ್ಳಿ. ಸೊಸೆಯ ಬಾಯಿಂದ ಮೊದಲು ಕೇಳಿದಾಗ ನಾನೂ ಇನ್ನೊಮ್ಮೆ ಹೇಳಿಸಿಕೊಂಡಿದ್ದೆ. ಅದೇ, ಸಂಪಿಗೆ ರಸ್ತೆಯ ಹೊಸ ಕೆಫೆಗಳಲ್ಲಿ ಗಾಜಿನ ಲೋಟದೊಳಗೆ ಪದರ ಪದರವಾಗಿ ಕೂತಿರುತ್ತದಲ್ಲ, ಆ ಇಟಲಿಯ ಸಿಹಿ. ಕಾಫಿಯಲ್ಲಿ ಅದ್ದಿದ ಬಿಸ್ಕತ್ತು, ಅದರ ಮೇಲೆ ಕೆನೆ, ಮತ್ತೆ ಬಿಸ್ಕತ್ತು, ಮತ್ತೆ ಕೆನೆ, ಕೊನೆಗೆ ಮೇಲೊಂದಿಷ್ಟು ಕೋಕೋ ಪುಡಿ. ಮೂಲದ್ದರಲ್ಲಿ ಮೊಟ್ಟೆ ಇರುತ್ತದೆ. ರಮ್ ಕೂಡ ಇರುತ್ತದೆ. (ಈ ಕೊನೆಯ ಸಂಗತಿ ನನಗೆ ಗೊತ್ತಾದದ್ದು ತಡವಾಗಿ, ಅದೂ ಎಲ್ಲರ ಎದುರಿಗೆ.)

ಮಲ್ಲೇಶ್ವರದ ನಮ್ಮ ರಸ್ತೆಯ ಹೆಂಗಸರದೊಂದು ಭಜನೆಯ ಗುಂಪಿದೆ. ಶುಕ್ರವಾರಕ್ಕೊಬ್ಬರ ಮನೆ. ಆ ಮನೆಗೆ ಹೊಸ ಸೊಸೆ ಬಂದಿದ್ದರೆ ಅವತ್ತಿನ ನೈವೇದ್ಯದ ಸಿಹಿ ಅವಳ ಕೈಯದ್ದೇ ಆಗಬೇಕು. ಹೆಸರಿಗೆ ಪ್ರಸಾದ, ನಿಜದಲ್ಲಿ ಪರೀಕ್ಷೆ. ಪರೀಕ್ಷಕರು ಸರೋಜಮ್ಮ, ಗುಂಪಿನಲ್ಲೆಲ್ಲ ಹಿರಿಯರು. ಪಕ್ಕದ ಮನೆಯ ವತ್ಸಲಾಳ ಸೊಸೆ ಮಾಡಿದ ಕಡಲೆಬೇಳೆಯ ಹಯಗ್ರೀವವನ್ನು ಬಾಯಿಗಿಟ್ಟುಕೊಂಡು, "ಬೇಳೆ ಚೆನ್ನಾಗಿ ತೊಳ್ದಿದೀಯಮ್ಮ" ಎಂದಷ್ಟೇ ಹೇಳಿದ್ದರು. ಆ ಹುಡುಗಿ ಆಮೇಲೆ ಭಜನೆಯ ಕಡೆ ತಲೆ ಹಾಕಲಿಲ್ಲ.

ನನ್ನ ಸೊಸೆ ಮೈತ್ರಿ ಶ್ರೀರಾಂಪುರದವಳು. ಮಲ್ಲೇಶ್ವರಕ್ಕೂ ಶ್ರೀರಾಂಪುರಕ್ಕೂ ನಡುವೆ ಇರುವುದು ರೈಲು ಹಳಿ. ಮದುವೆ ಗೊತ್ತಾದಾಗ ನಮ್ಮ ನೆಂಟರಲ್ಲಿ ಕೆಲವರು ಅದನ್ನು ಸಮುದ್ರವೆಂದುಕೊಂಡು ಮಾತನಾಡಿದರು. ಅವರ ಮನೆಯ ಹಾಲಿನಲ್ಲಿ ಬುದ್ಧನ ಪಟ, ಭಾನುವಾರ ಕೋಳಿ ಸಾರು. ನಮ್ಮಲ್ಲಿ ಈರುಳ್ಳಿ ಹೆಚ್ಚುವುದಕ್ಕೂ ಪಂಚಾಂಗ ನೋಡುತ್ತಿದ್ದ ಕಾಲವಿತ್ತು. ಭಜನೆಯ ಗುಂಪಿನವರೆಲ್ಲ ಮದುವೆಗೆ ಬಂದರು, ಅಕ್ಷತೆ ಹಾಕಿದರು, ಫೋಟೋಗೆ ನಿಂತರು. ಊಟದ ಹೊತ್ತಿಗೆ ಮಾತ್ರ ಅರ್ಧ ಜನಕ್ಕೆ ತುರ್ತು ಕೆಲಸ ನೆನಪಾಯಿತು. ಸರೋಜಮ್ಮನವರಿಗೆ ಮಂಡಿ ನೋವು ಬಂತು.

ಛತ್ರದಲ್ಲಿ ಅಡುಗೆಯವರು ಮಾಡಿದ ಊಟಕ್ಕೇ ನಿಲ್ಲದವರು ಇವಳು ಕೈಯಾರೆ ಮಾಡಿದ್ದನ್ನು ತಿನ್ನುತ್ತಾರೆಯೇ? ಅದೇ ಯೋಚನೆಯಲ್ಲಿ ನನಗೆ ವಾರವಿಡೀ ನಿದ್ದೆ ಇಲ್ಲ.

"ಹಯಗ್ರೀವ ಮಾಡ್ಬಿಡು. ನಾನು ಪಕ್ಕದಲ್ಲೇ ಇರ್ತೀನಿ" ಎಂದೆ.

"ಅದನ್ನ ಅವರು ನಾನು ಹುಟ್ಟೋಕ್ಮುಂಚಿಂದ ಮಾಡ್ತಿದಾರೆ ಅತ್ತೆ. ಎಲ್ಲಿ ತಪ್ಪಾಗಿದೆ ಅಂತ ಕಣ್ಣು ಮುಚ್ಕೊಂಡು ಹೇಳ್ತಾರೆ. ತಿರಮಿಸು ಮಾಡ್ತೀನಿ. ಅದ್ರಲ್ಲಿ ತಪ್ಪು ಹುಡ್ಕೋಕೆ ಯಾರಿಗೂ ಬರಲ್ಲ."

ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡುವವಳು, ತರ್ಕದಲ್ಲಿ ಅವಳನ್ನು ಸೋಲಿಸಲಾರೆ. ಆದರೂ ಕೇಳಿದೆ. ದೇವರಿಗೆ ಬಿಸ್ಕತ್ತೇ? ಕಾಫಿಯೇ?

ಎಲ್ಲದಕ್ಕೂ ಅವಳ ಹತ್ತಿರ ಉತ್ತರವಿತ್ತು. ಬೇಕರಿಯದ್ದು ಬೇಡ, ಗೋಧಿ ಹಿಟ್ಟು ತುಪ್ಪ ಹಾಕಿ ಬಿಸ್ಕತ್ತನ್ನು ಮನೆಯಲ್ಲೇ ಮಾಡುತ್ತೇನೆ ಎಂದಳು. ಇಟಲಿಯ ಚೀಸಿನ ಬದಲು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರು, ಹಾಲಿನ ಕೆನೆ, ಬೆಲ್ಲ, ಏಲಕ್ಕಿ. ಅದ್ದುವುದಕ್ಕೆ ನಮ್ಮ ಫಿಲ್ಟರಿನ ಡಿಕಾಕ್ಷನ್. ದೋಸೆಯೊಳಗೆ ನೂಡಲ್ಸ್ ಸುತ್ತಿಕೊಟ್ಟಾಗ ಬೆಂಗಳೂರು ಎರಡೂ ಕೈಯಲ್ಲಿ ತಿಂದಿತಲ್ಲ, ಇದೇನು ಮಹಾ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ.

ನಾನು ಹೇಳಿಕೊಟ್ಟದ್ದು ಒಂದೇ ನಿಯಮ. ನೈವೇದ್ಯಕ್ಕೆ ಮಾಡಿದ್ದನ್ನು ದೇವರಿಗೆ ತೋರಿಸುವ ಮೊದಲು ರುಚಿ ನೋಡುವಂತಿಲ್ಲ, ಮೂಸಿಯೂ ನೋಡುವಂತಿಲ್ಲ. ಹುಡುಗಿ ಎಷ್ಟು ಶ್ರದ್ಧೆಯವಳೆಂದರೆ, ವಾಸನೆ ಮೂಗಿಗೆ ಬಡಿಯಬಾರದೆಂದು ಕೋವಿಡ್ ಕಾಲದ ಮಾಸ್ಕ್ ಹುಡುಕಿ ಹಾಕಿಕೊಂಡೇ ಅಡುಗೆಮನೆಗೆ ಹೋದಳು. ಅಷ್ಟು ಶ್ರದ್ಧೆ ಇರದಿದ್ದರೆ ಎಷ್ಟೋ ಚೆನ್ನಾಗಿತ್ತು.

ನಾನು ದೇವರ ಮನೆಯಲ್ಲಿ ಹೂ ಏರಿಸುತ್ತಿದ್ದಾಗ ಅವಳಿಗೆ ಕೋಕೋ ಪುಡಿ ತರುವುದು ಮರೆತದ್ದು ನೆನಪಾಯಿತಂತೆ. ಹೊರಗೆ ಗೇಟಿನ ಸದ್ದು, ಜನ ಬರುತ್ತಿದ್ದಾರೆ. ಕಟ್ಟೆಯ ಮೇಲೆ ನೋಡಿದರೆ, ಮಕ್ಕಳ ಹಾಲಿಗೆ ಬೆರೆಸುವ ಚಾಕೊಲೇಟ್ ಪುಡಿಯ ಬಾಟಲಿ. ಒಳಗೆ ನುಣ್ಣಗಿನ ಕಂದು ಪುಡಿ. ಟೀ ಸೋಸುವ ಜಾಲರಿಯಲ್ಲಿ ಹಾಕಿ ಮೇಲೆಲ್ಲ ಚೆಂದವಾಗಿ ಉದುರಿಸಿದಳು.

ಓದುಗರೇ, ನಿಮ್ಮ ಮನೆಯಲ್ಲಿ ಯಾವ ಬಾಟಲಿಯೊಳಗಾದರೂ ಅದರ ಚೀಟಿಯಲ್ಲಿ ಬರೆದದ್ದೇ ಇದೆಯೇ? ನಮ್ಮ ಮನೆಯಲ್ಲಂತೂ ಇಲ್ಲ. ಜಾಮ್ ಬಾಟಲಿಯಲ್ಲಿ ಸಾಸಿವೆ, ಉಪ್ಪಿನಕಾಯಿ ಬಾಟಲಿಯಲ್ಲಿ ಕಲ್ಲುಸಕ್ಕರೆ. ಆ ಚಾಕೊಲೇಟ್ ಬಾಟಲಿಯಲ್ಲಿ ಇದ್ದದ್ದು ಸೀಗೇಪುಡಿ.

ಶುಕ್ರವಾರವಲ್ಲವೇ, ಬೆಳಿಗ್ಗೆ ನನ್ನದು ಎಣ್ಣೆ ಸ್ನಾನ. ಬಿಸಿ ಗಂಜಿಯಲ್ಲಿ ಸೀಗೇಪುಡಿ ಕಲಸಿಕೊಳ್ಳಲು ಬಾಟಲಿಯನ್ನು ಬಚ್ಚಲಿನಿಂದ ತಂದವಳು ಅಡುಗೆಮನೆಯ ಕಟ್ಟೆಯ ಮೇಲೇ ಬಿಟ್ಟಿದ್ದೆ.

ಇದು ಯಾರಿಗೂ ಗೊತ್ತಿಲ್ಲ. ಭಜನೆ ಮುಗಿಯಿತು, ಮಂಗಳಾರತಿ ಆಯಿತು. ಮೈತ್ರಿ ದೊನ್ನೆಗಳಲ್ಲಿ ಪ್ರಸಾದ ಹಂಚಿದಳು. ಯಾರೂ ಬಾಯಿಗಿಡಲಿಲ್ಲ. ಎಲ್ಲರ ಕಣ್ಣೂ ಸರೋಜಮ್ಮನವರ ಮೇಲೆ.

"ಮೊಟ್ಟೆ ಗಿಟ್ಟೆ ಹಾಕಿಲ್ಲ ತಾನೇ?" ಎಂದರು ಸರೋಜಮ್ಮ.

"ಅಯ್ಯೋ, ಇಲ್ಲ ಆಂಟಿ. ಮೊಟ್ಟೇನೂ ಹಾಕಿಲ್ಲ, ರಮ್ಮೂ ಹಾಕಿಲ್ಲ."

ರಮ್! ಯಾರು ಕೇಳಿದ್ದರು ತಾಯಿ ನಿನ್ನನ್ನು? ವತ್ಸಲಾ ದೊನ್ನೆಯನ್ನು ಮೆಲ್ಲನೆ ಕೆಳಗಿಟ್ಟಳು. ಮುಗಿಯಿತು, ಮದುವೆ ಮನೆಯ ಕಥೆ ಇಲ್ಲೂ ಆಯಿತು ಎಂದುಕೊಂಡೆ. ನನಗೆ ಬಂದ ಸಿಟ್ಟಿನಲ್ಲಿ ಒಂದು ದೊಡ್ಡ ಚಮಚ ಎತ್ತಿ ಎಲ್ಲರಿಗಿಂತ ಮೊದಲು ನಾನೇ ಬಾಯಿಗೆ ಹಾಕಿಕೊಂಡೆ.

ದೇವರೇ!

ನಾಲಿಗೆಯ ಮೇಲೆ ಬಚ್ಚಲುಮನೆ. ಕಹಿ, ಒಗರು, ಆಮೇಲೆ ನೊರೆ. ಕಟ್ಟೆಯ ಮೇಲೆ ಬಿಟ್ಟು ಬಂದ ಬಾಟಲಿ ಕಣ್ಣ ಮುಂದೆ ಬಂತು. ಉಗಿಯುವುದು ಹೇಗೆ, ಪ್ರಸಾದ! ಕೂಗಿ ಎಲ್ಲರನ್ನೂ ತಡೆಯೋಣವೆಂದರೆ ಬಾಯಿ ತೆರೆಯುವ ಸ್ಥಿತಿಯಲ್ಲಿರಲಿಲ್ಲ. ಅಷ್ಟರಲ್ಲಿ ಸರೋಜಮ್ಮನವರೂ ಒಂದು ಚಮಚ ಬಾಯಿಗಿಟ್ಟರು.

ಅವರ ಹುಬ್ಬು ಮೇಲೇರಿತು. ದೊನ್ನೆಯನ್ನು ನೋಡಿದರು. ನನ್ನನ್ನು ನೋಡಿದರು. ಕೈಯಲ್ಲಿ ಟ್ರೇ ಹಿಡಿದು ನಿಂತಿದ್ದ ಮೈತ್ರಿಯನ್ನು ನೋಡಿದರು. ನಂತರ ಎರಡನೆಯ ಚಮಚ ತೆಗೆದುಕೊಂಡರು.

ಉಳಿದವರೂ ಕೈ ಹಾಕಿದರು. ಒಬ್ಬೊಬ್ಬರ ಮುಖವೂ ಹಿಂಡಿದ ನಿಂಬೆಹಣ್ಣಿನ ಹಾಗಾಯಿತು. ವತ್ಸಲಾ, "ಸರೋಜಮ್ಮ, ಇದೂ..." ಎಂದು ಬಾಯಿ ತೆರೆದಳು.

"ವತ್ಸಲಾ, ಪ್ರಸಾದ ತಿನ್ನೋವಾಗ ಮಾತಾಡ್ಬಾರ್ದು."

(ಪ್ರಸಾದ ತಿನ್ನುತ್ತಲೇ ಇಡೀ ರಸ್ತೆಯ ವರದಿ ಒಪ್ಪಿಸುವವರು ಈ ಸರೋಜಮ್ಮ!)

ಎಲ್ಲರೂ ತಿಂದರು. ನಂಬುತ್ತೀರಾ? ದೊನ್ನೆಯಲ್ಲಿ ಚೂರೂ ಬಿಡದೆ ತಿಂದರು. ಮದುವೆಯಲ್ಲಿ ಹೋಳಿಗೆಗೆ ಬೆನ್ನು ತಿರುಗಿಸಿ ಹೋದ ಅದೇ ಹೆಂಗಸರು ಸೀಗೇಪುಡಿಯನ್ನು ಕಣ್ಣಲ್ಲಿ ನೀರು ತುಂಬಿಕೊಂಡು ನುಂಗಿದರು. ಇಷ್ಟು ವರ್ಷದಿಂದ ಇವರನ್ನು ಬಲ್ಲೆ ಎಂದುಕೊಂಡಿದ್ದ ನಾನು ಬೆಪ್ಪಾಗಿ ಕೂತೆ.

"ಚೆನ್ನಾಗಿದೆ ಕಣಮ್ಮ. ಇನ್ನೂ ಉಳ್ದಿದ್ಯಾ?" ಎಂದು ಸರೋಜಮ್ಮ ಕೇಳಿದರು.

"ಸ್ವಲ್ಪ ಇದೆ ಆಂಟಿ. ಬಡ್ಸೋರು ಕೊನೇಗೆ ತಿನ್ಬೇಕು ಅಂತ ನಂಗೆ, ಇವ್ರಿಗೆ ಅಂತ ಇಟ್ಟಿದೀನಿ."

"ಅದನ್ನೆಲ್ಲಾ ಒಂದು ಡಬ್ಬಿಗೆ ಹಾಕ್ಕೊಡು. ನಮ್ಮ ಯಜಮಾನ್ರಿಗೆ ತಗೊಂಡೋಗ್ತೀನಿ. ನಿನ್ಗೇನು, ಯಾವಾಗ್ ಬೇಕಾದ್ರೂ ಮಾಡ್ಕೋಬೋದು."

ಅವರ ಯಜಮಾನರಿಗೆ ಸಕ್ಕರೆ ಕಾಯಿಲೆ. ಇನ್ನೊಬ್ಬರ ಮನೆಯಿಂದ ಸರೋಜಮ್ಮ ಇದುವರೆಗೆ ಒಂದು ಡಬ್ಬಿ ಹಿಡಿದುಕೊಂಡು ಹೋದದ್ದನ್ನು ನಾನು ನೋಡಿಲ್ಲ. ಟ್ರೇ ಪೂರ್ತಿ ಖಾಲಿಯಾಗುವವರೆಗೂ ಪಕ್ಕದಲ್ಲೇ ನಿಂತು ಹಾಕಿಸಿಕೊಂಡರು. ಹೊರಡುವಾಗ ಗೇಟಿನ ಹತ್ತಿರ ನನ್ನ ಕಿವಿಗೆ ಬಾಯಿಟ್ಟು ಕೇಳಿದರು.

"ಸೀಗೇಪುಡಿ ಎಲ್ಲಿ ಮಾಡ್ಸಿದ್ದೇ ಜಯಾ? ಒಳ್ಳೇ ಘಮ ಇದೆ."

ಒಳಗೆ ಬಂದರೆ ಮೈತ್ರಿ ಹಾಡಿಕೊಳ್ಳುತ್ತಾ ಟ್ರೇ ತೊಳೆಯುತ್ತಿದ್ದಳು. ಮುಚ್ಚಿಡಬೇಕೆಂದುಕೊಂಡಿದ್ದೆ, ನನ್ನಿಂದ ಆಗಲಿಲ್ಲ. ಹೇಳಿಬಿಟ್ಟೆ. ಅವಳು ಕೈಯ ನೀರೂ ಒರೆಸಿಕೊಳ್ಳದೆ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು.

"ಅವ್ರಿಗೆಲ್ಲಾ ಗೊತ್ತಾಯ್ತಾ ಅತ್ತೆ?"

"ಸೀಗೇಪುಡೀಲೇ ತಲೆ ತೊಳ್ಕೊಂಡು ಬೆಳ್ದೋರು. ಗೊತ್ತಾಗ್ದೆ ಇರುತ್ತಾ?"

"ಮತ್ಯಾಕೆ ತಿಂದ್ರು?"

ಬಾಟಲಿಯ ಚೀಟಿ ನಂಬಿ ಮೋಸ ಹೋದವಳು ಅವಳೊಬ್ಬಳೇ ಅಲ್ಲ, ನಾನೂ ಹೌದು ಎಂದು ಮನಸ್ಸಿನಲ್ಲಿ ಅಂದುಕೊಂಡೆ.

ಅವಳು ಇದ್ದಕ್ಕಿದ್ದಂತೆ ಹಣೆ ಚಚ್ಚಿಕೊಂಡು ನಗತೊಡಗಿದಳು. ನಗುವಿನ ಮಧ್ಯೆ ಕಣ್ಣೂ ಒರೆಸಿಕೊಂಡಳು. "ಅದಕ್ಕೇನಾ! ಬರೋ ಶುಕ್ರವಾರ ಸರೋಜಮ್ಮ ಆಂಟಿ ಮನೇಲಿ ಭಜನೆ ಅಲ್ವಾ? ತಿರಮಿಸು ನೀನೇ ಬಂದು ಮಾಡ್ಬೇಕು ಅಂತ ಡಬ್ಬಿಗೆ ಹಾಕೋವಾಗ ಅಂದ್ರು ಅತ್ತೆ. ಮೇಲಿನ ಪುಡಿ ಮಾತ್ರ ಅವ್ರೇ ಉದುರಿಸ್ತಾರಂತೆ."

ಇವಳ ಕೈಯದ್ದನ್ನು ತಿನ್ನುತ್ತಾರೆಯೇ ಎಂದು ವಾರವಿಡೀ ನಿದ್ದೆಗೆಟ್ಟೆನಲ್ಲ, ಸೀಗೇಪುಡಿಯನ್ನೇ ತಿಂದವರ ಬಗ್ಗೆ ಇನ್ನು ಯಾವ ಅನುಮಾನ ಇಟ್ಟುಕೊಳ್ಳಲಿ?