ಉಣ್ಣಲೆಂದು ಮಾಡಿದ ಬಟ್ಟಲು

ನಮ್ಮ ಚಿಕ್ಕಮ್ಮ ಮಣ್ಣಿನಲ್ಲಿ ಮನೆಬಳಕೆಯ ಸಾಮಾನು ಮಾಡುವವಳು. ಬಟ್ಟಲು, ಲೋಟ, ಉಪ್ಪಿನ ಡಬ್ಬಿ, ಅಷ್ಟೇ. ಹೂದಾನಿ ಮಾಡಿಕೊಡಿ ಎಂದು ಯಾರಾದರೂ ಕೇಳಿದರೆ ಮೂಗು ಮುರಿಯುತ್ತಿದ್ದಳು. ಚಕ್ರದ ಮುಂದೆ ಕೂರುವ ಮೊದಲು ಉಣ್ಣುವವರ ಕೈ ನೋಡುವಳು. ತಳದ ಗಂಜಿಯನ್ನು ಚಮಚಕ್ಕೆ ಎತ್ತಿಕೊಳ್ಳಲು ಚಿಕ್ಕಪ್ಪ ಒದ್ದಾಡುವುದನ್ನು ಕಂಡೇ ಬಟ್ಟಲಿನ ಅಂಚನ್ನು ಒಂಚೂರು ಒಳಕ್ಕೆ ಬಾಗಿಸಿದ್ದಳು. ಸುಟ್ಟು ತೆಗೆದ ಮೇಲೆ ತುಂಬ ನೀರು ಹಾಕಿ, ಒಂದೇ ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿ ಕುಡಿದು ನೋಡುವಳು. ಭಾರವೆನಿಸಿದರೆ ಮತ್ತೆ ಮೊದಲಿನಿಂದ ಶುರು.

ಎಲ್ಲ ಕೆಟ್ಟದ್ದು ಅವಳ ಬಟ್ಟಲುಗಳಿಗೆ ಬಂದ ಆ ಬಹುಮಾನದಿಂದ. ಪತ್ರಿಕೆಯಲ್ಲಿ ಅವಳ ಫೋಟೋ ಬಂದದ್ದೇ ತಡ, ಚಿಕ್ಕಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗಾಜಿನ ಬೀರು ತಂದು, ಒಳಗೆ ದೀಪ ಹಾಕಿಸಿ, ಅಡುಗೆಮನೆಯಲ್ಲಿದ್ದ ಅವಳ ಸಾಮಾನನ್ನೆಲ್ಲ ಅದರಲ್ಲಿ ಜೋಡಿಸಿ ಬೀಗ ಜಡಿದ. ಅವರ ಮನೆಯಲ್ಲೇ ಬೆಳೆದ ನಾನೂ ಸೇರಿ ಎಲ್ಲರೂ ಸ್ಟೀಲಿನ ತಟ್ಟೆಗೆ ಬಂದೆವು.

"ಉಣ್ಣೋಕೆ ಮಾಡಿದ್ದು ರೀ, ನೋಡೋಕಲ್ಲ," ಎಂದಳು ಚಿಕ್ಕಮ್ಮ.

"ಒಡೆದುಹೋದ್ರೆ?"

"ಇನ್ನೊಂದು ಮಾಡ್ತೀನಿ. ನನ್ ಕೈಯೇನು ಬಿದ್ದುಹೋಗಿದ್ಯಾ?"

"ಸುಮ್ನಿರೇ. ನಿನ್ ಬೆಲೆ ನಿಂಗೇ ಗೊತ್ತಿಲ್ಲ."

ಪ್ರೀತಿಯ ಮಾತೇ, ಇಲ್ಲವೆನ್ನುವುದಿಲ್ಲ. ನನಗೆ ಮಾತ್ರ ಮೈ ಉರಿಯುತ್ತಿತ್ತು. ಯಾರೂ ಉಣ್ಣದ ಬಟ್ಟಲು ಮಾಡಿ ಏನು ಪ್ರಯೋಜನ ಎಂದು ಅವಳು ನನ್ನೆದುರು ಅತ್ತದ್ದೂ ಉಂಟು.

ಕೊನೆಗೊಂದು ಉಪಾಯ ಹೂಡಿದಳು. ಬೂದು ಬಣ್ಣದ ಮೂರು ಬಟ್ಟಲು ಮಾಡಿ, ಅಡಿಯಲ್ಲಿ ತನ್ನ ಗುರುತು ಒತ್ತದೆ, ರಸ್ತೆಬದಿಯಲ್ಲಿ ಕೊಂಡದ್ದು ಎಂದಳು. ಗುಟ್ಟು ಗೊತ್ತಿದ್ದದ್ದು ನನಗೊಬ್ಬಳಿಗೆ. ಚಿಕ್ಕಪ್ಪ ಹಿಂದೆಮುಂದೆ ನೋಡದೆ ಉಂಡ. ಸಿಂಕಿನಲ್ಲಿ ಧಡಕ್ಕನೆ ಹಾಕಿ ಒಂದರ ಅಂಚಿನ ಚಕ್ಕೆಯನ್ನೂ ಎಬ್ಬಿಸಿದ. ಆ ಸದ್ದು ಕೇಳಿದರೆ ಚಿಕ್ಕಮ್ಮನ ಮುಖ ಅರಳುತ್ತಿತ್ತು. ಚಕ್ರದ ಮುಂದೆ ಮತ್ತೆ ಗುನುಗತೊಡಗಿದಳು.

ಒಂದು ಬೆಳಿಗ್ಗೆ ಚಿಕ್ಕಪ್ಪ ಗಂಜಿ ಮುಗಿಸಿ, "ಎಲ್ಲಿ ತಗೊಂಡ್ಯೇ ಇದನ್ನ? ಒಂದಗುಳೂ ಮಿಗಲ್ಲ ನೋಡು. ಇನ್ನೊಂದ್ನಾಲ್ಕು ತಗೊಂಡ್ ಬಾ," ಎಂದ.

ಬಾಯಿ ಬಿಗಿಹಿಡಿಯಬೇಕಿತ್ತು ಅವಳು. ಮೇಜಿನ ಕೆಳಗೆ ನಾನು ಅವಳ ಕಾಲು ಒತ್ತಿದೆ. ಆದರೆ ಅಂಥದೊಂದು ಮಾತಿಗಾಗಿ ಎಷ್ಟು ಕಾಲದಿಂದ ಕಾದಿದ್ದಳೋ ಪಾಪ. "ನಾನೇ ಮಾಡಿದ್ದು ರೀ!" ಎಂದು ಮಗುವಿನ ಹಾಗೆ ನಕ್ಕುಬಿಟ್ಟಳು.

ಚಿಕ್ಕಪ್ಪ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವನ ಕಣ್ಣು ತುಂಬಿತ್ತು.

"ಮೊದಲೇ ಹೇಳಬಾರದಿತ್ತೇನೇ? ಇಷ್ಟು ದಿನ ಎಂಜಲು ಮಾಡಿಬಿಟ್ನಲ್ಲ!"

ಅವಳ ಮುಂದಿದ್ದ ಅರ್ಧ ಗಂಜಿಯನ್ನು ಸ್ಟೀಲಿನ ತಟ್ಟೆಗೆ ಸುರಿದುಕೊಟ್ಟ. ಮೂರು ಬಟ್ಟಲನ್ನೂ ತಾನೇ ತೊಳೆದು, ಒರೆಸಿ, ಚಕ್ಕೆ ಎದ್ದ ಬದಿಯನ್ನು ಗೋಡೆಯ ಕಡೆ ತಿರುಗಿಸಿಟ್ಟು ಬೀಗ ಹಾಕಿದ. ಚಿಕ್ಕಮ್ಮ ಆ ತಟ್ಟೆಯಲ್ಲಿದ್ದುದನ್ನು ತಿಂದು ಎದ್ದಳು. ಅಂದಿನಿಂದ ಅವಳು ಚಕ್ರ ಮುಟ್ಟಿಲ್ಲ.