ಹುಳುಮನೆಯ ಮುನಿರತ್ನಕ್ಕ

ಹುತ್ತೂರಿನಲ್ಲಿ ನಮ್ಮ ಪಕ್ಕದ ಮನೆಯ ಮುನಿರತ್ನಕ್ಕ ತನ್ನ ರೇಷ್ಮೆ ಹುಳುಮನೆಯ ಬಾಗಿಲಲ್ಲಿ ನಿಂತು, ಒಳಗೆ ಹೋಗುವವರನ್ನೆಲ್ಲ ಮೂಸಿ ನೋಡುತ್ತಿದ್ದಳು. ಬೀಡಿ ಸೇದಿದ ಗಂಡನಿಗೂ ಪೌಡರ್ ಬಳಿದುಕೊಂಡ ನನಗೂ ಒಂದೇ ನ್ಯಾಯ. "ಏಮೇ, ಮದುವೆಗೆ ಬಂದಿದ್ದೀಯಾ? ಮುಖ ತೊಳ್ಕೊಂಡ್ ಬಾ ಹೋಗು" ಎಂದು ಅಟ್ಟುತ್ತಿದ್ದಳು. ಮುಟ್ಟಾದ ಹೆಂಗಸಂತೂ ಆ ಹೊಸ್ತಿಲು ದಾಟುವಂತಿರಲಿಲ್ಲ. ರಕ್ತದ ಮೈಲಿಗೆಗೆ ಹುಳು ಸಾಯುತ್ತವೆ ಎಂದು ನಾವೆಲ್ಲ ನಂಬಿದ್ದೆವು, ಅವಳೂ ನಂಬಿದ್ದಳು. ಯಲ್ದೂರಿನ ಕಡೆಯವಳು, ಸಿಟ್ಟು ಬಂದರೂ ತೆಲುಗು, ಪ್ರೀತಿ ಬಂದರೂ ತೆಲುಗು.

ಇಷ್ಟು ಮಡಿಯವಳಿಗೆ ಮೈಯ ವಿಷಯದಲ್ಲಿ ಮಾತ್ರ ನಾಚಿಕೆ ಎಂಬುದೇ ಇರಲಿಲ್ಲ. ನಾನು ಮದುವೆಯಾಗಿ ಬಂದ ಹೊಸದರಲ್ಲಿ, ನಮ್ಮ ಹುಳುಮನೆಯಲ್ಲಿ ಮೇಲಿನ ಸಾಲಿನ ಹುಳುಗಳಿಗೆ ಸೊಪ್ಪು ಹಾಕಲು ಸ್ಟ್ಯಾಂಡ್ ಹತ್ತಿದವಳು ಜಾರಿ, ಕೆಳಗಿನ ಕಬ್ಬಿಣದ ಪೈಪಿನ ಮೇಲೆ ಕಾಲು ಅತ್ತೊಂದು ಇತ್ತೊಂದಾಗಿ ಬಿದ್ದೆ. ಯೋನಿಯ ಹೊರಭಾಗ ತರಚಿ ರಕ್ತ ಬಂತು. ನಮ್ಮತ್ತೆ ಅರಿಶಿನ, ಕಾಫಿಪುಡಿ ಹಿಡಿದು ಓಡಿ ಬಂದರು. ಕೂಗು ಕೇಳಿ ಬಂದ ಮುನಿರತ್ನಕ್ಕ ಅವನ್ನು ಕಿತ್ತುಕೊಂಡು, "ಅದೇನ್ ಸಾರಾ ಅತ್ತೇ, ಪುಡಿ ಹಾಕೋಕೆ? ಆಚೆ ಇರಿ ನೀವು" ಎಂದು ಬಾಗಿಲು ಹಾಕಿದಳು.

ಮೊದಲು ಕೇಳಿದ್ದು ಒಂದೇ ಮಾತು. "ನಿಜ ಹೇಳು. ಬಿದ್ದಿದ್ದಾ, ಯಾರಾದ್ರೂ ಏನಾದ್ರೂ ಮಾಡಿದ್ರಾ?" ಬಿದ್ದದ್ದೇ ಎಂದು ಖಾತ್ರಿಯಾದ ಮೇಲೆ ಒಗೆದ ಬಟ್ಟೆ ಕೊಟ್ಟು ಒತ್ತಿ ಹಿಡಿಸಿದಳು. ರಕ್ತ ನಿಂತಿತು. ಐಸ್ ತರಿಸಿ, ಬಟ್ಟೆಯಲ್ಲಿ ಸುತ್ತಿ ಸ್ವಲ್ಪ ಹೊತ್ತು ಇಡಿಸಿದಳು.

"ಸೋಪು ಬೇಡ, ಬರೀ ನೀರಲ್ಲಿ ತೊಳ್ಕೊ. ಉಜ್ಜಬೇಡ, ಮೆತ್ತಗೆ ಒತ್ತಿ ಒರೆಸ್ಕೊ. ಒಂದಕ್ಕೆ ಕೂತಾಗ ನೀರು ಹುಯ್ಕೊಂತಿರು, ಉರಿ ಕಮ್ಮಿ ಆಗ್ತದೆ. ಬಿಗಿ ಬಟ್ಟೆ ಹಾಕ್ಬೇಡ. ಊತ ಜಾಸ್ತಿ ಆದ್ರೆ, ಒಂದಕ್ಕೆ ಕಟ್ಕೊಂಡ್ರೆ, ರಕ್ತ ನಿಲ್ದಿದ್ರೆ, ಜ್ವರನೋ ಕೀವೋ ಬಂದ್ರೆ ಅತ್ತೆ ಮುಖ ನೋಡ್ಕೊಂಡ್ ಕೂರ್ಬೇಡ, ನನ್ನ ಕೂಗು. ಕೋಲಾರಕ್ಕೆ ಹೋಗೋಣ."

ತನ್ನ ಹೆರಿಗೆಯಲ್ಲಿ ಹೊಲಿಗೆ ಬಿದ್ದಾಗ ನರ್ಸ್ ಹೇಳಿಕೊಟ್ಟದ್ದಂತೆ. ನನಗೆ ಬೇಗ ವಾಸಿಯಾಯಿತು. ಆಮೇಲೆ ನಾನು ಸ್ಟ್ಯಾಂಡ್ ಹತ್ತಿದಾಗಲೆಲ್ಲ "ಐಸ್ ತರಿಸ್ಲೇನೇ?" ಎಂದು ರೇಗಿಸುತ್ತಿದ್ದಳು.

ಹೋದ ವರ್ಷ ನಾನು ಮುಳಬಾಗಿಲಿನ ತವರಿಗೆ ಹೋಗಿ ಬಂದಾಗ, ಮುನಿರತ್ನಕ್ಕ ದನದ ಕೊಟ್ಟಿಗೆಯ ಪಕ್ಕ ಚಾಪೆಯ ಮೇಲೆ ಮುದುರಿ ಮಲಗಿದ್ದಳು. "ಹೊರಗಾಗಿದ್ದಾಳೆ" ಎಂದರು ಅವಳ ಅತ್ತೆ, ಹುಳುಮನೆಯ ಒಳಗಿಂದಲೇ. ಹಣೆ ಮುಟ್ಟಿದರೆ ಕೆಂಡ. ಬೆಳಿಗ್ಗೆಯಿಂದ ಮೂತ್ರ ಹೋಗಿರಲಿಲ್ಲ. ಸೀರೆ ಸರಿಸಿ ನೋಡಿದೆ. ಊದಿ ಕಪ್ಪಾಗಿತ್ತು. ಅವಳ ಗಂಡನನ್ನು ಕೂಗಿ ಕರೆದು ಆಟೋ ತರಿಸಿದೆ.

ದಾರಿಯಲ್ಲಿ ನನಗೆ ಅಳು ತಡೆಯಲಾಗಲಿಲ್ಲ. "ಯಾಕಕ್ಕಾ ಹೇಳ್ಲಿಲ್ಲ?"

"ಮೊನ್ನೇನೇ ಹೇಳ್ದೆ ಕಣೇ. ಸೊಪ್ಪಿನ ಟ್ರಾಲಿ ಹಲಗೆ ಮೇಲೆ ಬಿದ್ದೆ ಅಂದೆ. ಬಿದ್ದ ಏಟಿಗೆ ಮುಟ್ಟಾಗಿದ್ದೀಯ, ಆಚೆ ಕೂತ್ಕೋ ಅಂದ್ರು ಅತ್ತೆ."

"ನಮಗೆಲ್ಲ ಬುದ್ಧಿ ಹೇಳ್ತಿದ್ದೆ. ಜಗಳ ಆಡ್ಬಾರ್ದಿತ್ತಾ?"

"ಹುಳು ಹಣ್ಣಾಗಿತ್ತು, ಗೂಡು ಕಟ್ಟೋ ಹೊತ್ತು. ಯಾರು ಬಿಟ್ಟು ಬರ್ತಾರೆ? ಗಾಯದ್ದೋ ಮುಟ್ಟಿಂದೋ, ಹುಳಕ್ಕೆ ರಕ್ತ ರಕ್ತಾನೇ ಅಂತ ನಾನೇ ಸುಮ್ನೆ ಆಚೆ ಬಂದ್ಬಿಟ್ಟೆ."

ಅವಳಿಗೆ ಸಕ್ಕರೆ ಕಾಯಿಲೆ ಇದ್ದದ್ದು ನಮಗೆ ಗೊತ್ತಾದದ್ದೇ ಕೋಲಾರದ ಆಸ್ಪತ್ರೆಯಲ್ಲಿ. ಅಂಥವರಿಗೆ ಆ ಜಾಗದ ಸಣ್ಣ ಗಾಯವೂ ಬೇಗ ಕೆಡುತ್ತದೆ, ಬಿದ್ದ ದಿನವೇ ಕರೆತಂದಿದ್ದರೆ ಇಲ್ಲೇ ವಾಸಿ ಮಾಡಬಹುದಿತ್ತೇನೋ ಎಂದರು ಡಾಕ್ಟರು. ಬೆಂಗಳೂರಿಗೆ ಕಳಿಸಿದರು. ಸ್ಟ್ರೆಚರ್ ಎತ್ತುವಾಗ ನನ್ನ ಕೈ ಹಿಡಿದು, "ಗೂಡು ಬಿಡಿಸೋವಾಗ ನೀನೂ ಹೋಗಮ್ಮಾ, ಅವ್ರಿಗೆ ಕೈ ಸಾಲಲ್ಲ" ಎಂದಳು. ಬೆಂಗಳೂರಿನಲ್ಲೇ ತೀರಿಕೊಂಡಳು, ಮತ್ತೆ ಅವಳ ದನಿ ಕೇಳಲಿಲ್ಲ.

ಹೋದೆ. ಗೂಡು ಬಿಡಿಸಿದೆ. ಬೆಳೆ ಚೆನ್ನಾಗಿ ಬಂದಿತ್ತು. ಎಲ್ಲರೂ ಅದನ್ನೇ ಹೇಳುತ್ತಿದ್ದರು.

ಮೊನ್ನೆ ನಾನು ಮುಟ್ಟಾದೆ. ಯಾರಿಗೂ ಹೇಳದೆ ನಮ್ಮ ಹುಳುಮನೆಗೆ ಹೋಗಿ, ಹಸಿದ ಹುಳುಗಳ ಮೇಲೆ ನನ್ನ ಕೈಯಾರೆ ಸೊಪ್ಪು ಹರಡಿದೆ. ಸರಸರ ತಿಂದವು. ಮರುದಿನ ಹೋದಾಗಲೂ ತಿಂದವು. ಸಾಲು ಸಾಲಾಗಿ ಹುಡುಕಿ ನೋಡಿದೆ. ಒಂದೂ ಸತ್ತಿರಲಿಲ್ಲ.