ಆರಾಳು ನೀರಿನ ಕೆಳಗಿನ ಡಬ್ಬಿ

ನಾನು ಹೊಟ್ಟೆಪಾಡಿಗಾಗಿ ನೀರಿನಲ್ಲಿ ಮುಳುಗುವವನು. ಅಣೆಕಟ್ಟಿನ ಗೇಟು ಸೋರಿದರೆ, ಕಾಲುವೆಯ ಬಾಯಿಗೆ ಮರದ ದಿಮ್ಮಿ ಸಿಕ್ಕಿಕೊಂಡರೆ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಕೆಳಗಿಳಿದು ನೋಡಿ ಬಂದು ಎಂಜಿನಿಯರರಿಗೆ ಹೇಳುವುದು ನನ್ನ ಕೆಲಸ. ಆ ಸಿಲಿಂಡರಿನಲ್ಲಿ ಇರುವುದು ಬರೀ ಗಾಳಿ, ಆಕ್ಸಿಜನ್ ಅಲ್ಲ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ನಮ್ಮ ಜನ ಕೇಳುವವರಲ್ಲ. ಈಗ ಹೇಳುವುದನ್ನೇ ಬಿಟ್ಟಿದ್ದೇನೆ.

ಒಂದು ಬೇಸಿಗೆಯಲ್ಲಿ ಅತ್ತೆಯನ್ನು ನೋಡಲು ಮಂಗಳೂರಿಗೆ ಹೋಗಿದ್ದೆ. ಸಮುದ್ರದ ಮಂಗಳೂರಲ್ಲ ಮಾರಾಯರೇ, ನಮ್ಮ ಯಲಬುರ್ಗಾ ಕಡೆಯ ಮಂಗಳೂರು. ಮುಳುಗುವವನು ಎಂದೊಡನೆ ಎಲ್ಲರೂ ಅದನ್ನೇ ನೆನೆಯುತ್ತಾರೆ. ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಎಂಬತ್ತರ ಹತ್ತಿರ ಬಂದಿದ್ದರೂ ನಾಲಿಗೆ ಇನ್ನೂ ಕುಡುಗೋಲು. ಮಗ, ಸೊಸೆ, ಮೊಮ್ಮಕ್ಕಳಿಂದ ತುಂಬಿದ ಮನೆ ಅವಳ ಒಂದು ಕೆಮ್ಮಿಗೆ ನಡೆಯುತ್ತದೆ.

ಊಟ ಮುಗಿದ ಮೇಲೆ ಮಕ್ಕಳಿಗೆ ನನ್ನ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸುತ್ತಿದ್ದೆ. ಯಾವುದೋ ದೇಶದ ಸಮುದ್ರದ ತಳದಲ್ಲಿ ಮುಳುಗಿದ ರೈಲು, ವಿಮಾನ, ಜಲಾಂತರ್ಗಾಮಿ. ನನ್ನಂಥವರೇ ಅಲ್ಲಿಗೆ ಇಳಿದು ಕಿಟಕಿ ಕಿಟಕಿ ಇಣುಕಿ ಬರುತ್ತಿದ್ದರು. ಅಂಥದ್ದನ್ನು ನೋಡುವ ಯೋಗ ನನ್ನ ಹಣೆಯಲ್ಲಿ ಎಲ್ಲಿ ಬರಬೇಕು, ನನಗೆ ಬರೀ ಕೆಸರು ಮತ್ತು ಗೇಟು ಎಂದು ಗೊಣಗಿದೆ. ಅತ್ತೆ ಆ ರೈಲನ್ನು ಮೂರು ಸಲ ಹಾಕಿಸಿಕೊಂಡು ನೋಡಿದಳು. ಆಮೇಲೆ, ಸಂತೆಯಿಂದ ಏನೋ ತರಲು ಹೇಳುವಷ್ಟು ಸಾದಾ ದನಿಯಲ್ಲಿ ಕೇಳಿದಳು.

"ತಮ್ಮಾ, ನಮ್ಮಪ್ಪನ ಡಬ್ಬಿನೂ ಹಂಗ ನೀರಾಗ ಐತೋ ಇಲ್ಲೋ, ನೋಡಿ ಬರ್ತಿ ಏನು?"

ಆ ಮನೆಯಲ್ಲಿ ಡಬ್ಬಿಯ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಕಥೆ ಇಷ್ಟೇ. ಮುನಿರಾಬಾದಿನಲ್ಲಿ ಅಣೆಕಟ್ಟು ಕಟ್ಟುವಾಗ ಗುಡ್ಡದ ಕಲ್ಲು ಸಾಗಿಸಲು ಸಣ್ಣ ರೈಲು ಹಳಿ ಹಾಕಿದ್ದರು. ಹಳಿಯ ಮೇಲೆ ಕಲ್ಲು ತುಂಬುವ, ಗಾಲಿ ಇರುವ ಕಬ್ಬಿಣದ ಡಬ್ಬಿಗಳು. ಅತ್ತೆಯ ಅಪ್ಪ, ಅಂದರೆ ನಮ್ಮ ಮುತ್ಯಾ, ನದಿ ದಂಡೆಯ ಹಳ್ಳಿಯವನು. ಬಂಡಿ ಹೊಡೆಯುತ್ತಿದ್ದವನು ಆ ಡಬ್ಬಿಗಳಲ್ಲಿ ಒಂದನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಮೊದಲ ಸಲ ನೀರು ನಿಲ್ಲಿಸಿದ ಮಳೆಗಾಲದಲ್ಲಿ ಅವನ ಡಬ್ಬಿ ಕಾಣೆಯಾಯಿತು. ನೀರಿನಲ್ಲಿ ಹೋಯಿತು ಎಂದ ಮುತ್ಯಾ. ಗುಜರಿಗೆ ಮಾರಿಕೊಂಡಿದ್ದಾನೆ ಎಂದ ಗುತ್ತಿಗೆದಾರನ ಗುಮಾಸ್ತ. ಗುಮಾಸ್ತನ ಮಾತೇ ನಡೆಯಿತು. ಕೆಲಸ ಹೋಯಿತು, ಅದೇ ಹೊತ್ತಿಗೆ ಹಳ್ಳಿಯೂ ಮುಳುಗಿತು. ಮುತ್ಯಾ ಹೆಂಡತಿ ಮಕ್ಕಳೊಂದಿಗೆ ಮಂಗಳೂರಿಗೆ ಬಂದರೆ, ಸುದ್ದಿ ಅವನ ಗಂಟುಮೂಟೆಗಿಂತ ಮೊದಲೇ ಬಂದು ಕೂತಿತ್ತು. ನಮ್ಮದು 'ಡಬ್ಬಿ ಕಳ್ಳರ ಮನೆ' ಆಯಿತು. ಆ ಒಂದು ಹೆಸರಿಗೆ ಅತ್ತೆಗೆ ಕೂಡಿಬಂದ ಎರಡು ಸಂಬಂಧ ಮುರಿದವು. ನಾನು ಸಾಲೆಗೆ ಹೋಗುವ ಕಾಲಕ್ಕೂ ಯಾರದಾದರೂ ಪೆನ್ಸಿಲ್ ಕಳೆದರೆ ಮೊದಲು ನನ್ನ ಚೀಲವನ್ನೇ ಸುರಿಯುತ್ತಿದ್ದರು. ಈಗ ನೆನೆದರೂ ಮೈ ಉರಿಯುತ್ತದೆ.

ಹಳೆಯದನ್ನು ಕೆದಕುವುದು ಬೇಡ ಎಂದು ಅತ್ತೆಗೆ ಹೇಳಿದೆ. ಖರೆ ಹೇಳಬೇಕೆಂದರೆ ನನಗೆ ಹೆದರಿಕೆ. ಡಬ್ಬಿ ಅಲ್ಲಿ ಇರದಿದ್ದರೆ? ಇಷ್ಟು ವರ್ಷ ಊರಿನವರ ಬಾಯಲ್ಲಿದ್ದ ಕಳ್ಳತನಕ್ಕೆ ಮೊಮ್ಮಗನೇ ಸಾಕ್ಷಿ ಹೇಳಿದಂತಾಗುತ್ತಿತ್ತು. ಅದನ್ನೂ ಬಾಯಿಬಿಟ್ಟು ಹೇಳಿದೆ. ಇಲ್ಲದಿದ್ದರೆ ಇಲ್ಲವೆಂದೇ ಹೇಳು, ನನ್ನನ್ನು ಸಮಾಧಾನ ಮಾಡಲು ಸುಳ್ಳು ಹೇಳಿದರೆ ಮತ್ತೆ ಈ ಹೊಸ್ತಿಲು ತುಳಿಯಬೇಡ ಎಂದಳು.

ಮುಂದಿನ ತಿಂಗಳು ಮುನಿರಾಬಾದಿನಲ್ಲೇ ಗೇಟಿನ ಕೆಲಸ ಬಂತು. ಎಂಜಿನಿಯರ್ ಸಾಹೇಬರಿಗೆ ಎಲ್ಲವನ್ನೂ ಹೇಳಿ ಕೇಳಿಕೊಂಡೆ. ಅವರು ನಕ್ಕು ಅರ್ಧ ದಿನದ ಪರವಾನಗಿ ಕೊಟ್ಟರು. ಜಾಗ ಹುಡುಕುವುದು ಕಷ್ಟವಾಗಲಿಲ್ಲ. ಹಿನ್ನೀರಿನ ಮೀನುಗಾರರಿಗೆ ಬಲೆ ಹರಿಯುವ ಜಾಗಗಳೆಲ್ಲ ಬಾಯಿಪಾಠ. ಅವರಲ್ಲಿ ಹಿರಿಯರೊಬ್ಬರು ನನ್ನ ಕಥೆ ಕೇಳಿ, ಹಳೆಯ ಹಳಿ ಇದ್ದ ಕಡೆ ಒಂದು ಜಾಗದಲ್ಲಿ ಬಲೆಗೆ ತುಕ್ಕು ಹತ್ತಿ ಬರುತ್ತದೆ ಎಂದರು. ತಮ್ಮ ತೆಪ್ಪದಲ್ಲಿ ನನ್ನನ್ನೂ ನನ್ನ ಜೊತೆಗಾರನನ್ನೂ ಕೂರಿಸಿಕೊಂಡು ಹೋದರು. ಗುಡ್ಡದ ಮೇಲಿನ ಸೀಳುಬಂಡೆಯನ್ನೂ ಅಣೆಕಟ್ಟಿನ ಕೊನೆಯ ಕಂಬವನ್ನೂ ಕಣ್ಣಲ್ಲೇ ಅಳೆದು ತೆಪ್ಪ ನಿಲ್ಲಿಸಿದರು. ಬೇಸಿಗೆಯಾದರೂ ಅಲ್ಲಿ ಆರಾಳು ನೀರು. ಜೊತೆಗಾರ ನನ್ನ ಸೊಂಟದ ಹಗ್ಗ ಹಿಡಿದು ಮೇಲೆ ಕೂತ. ನಾನು ಇಳಿದೆ.

ಮೊದಲು ಹಸಿರು, ಆಮೇಲೆ ಬೆಲ್ಲದ ಪಾನಕದ ಬಣ್ಣ, ಆಮೇಲೆ ಬ್ಯಾಟರಿ ಬೆಳಕು ಬಿದ್ದಷ್ಟೇ ಲೋಕ. ಕಾಲಿಗೆ ನೆಲ ಸಿಕ್ಕಿತು. ಕೈಗೆ ಕಲ್ಲಿನ ಗೋಡೆ ಸಿಕ್ಕಿತು. ಗೋಡೆ ಹಿಡಿದು ಹೋದರೆ ಒಂದು ಹೊಸ್ತಿಲು, ಹೊಸ್ತಿಲಾಚೆ ನೆಲದಲ್ಲಿ ಹೂತ ಒರಳು. ಒರಳಿನ ಕುಳಿಯೊಳಗಿಂದ ಒಂದು ಮೀನು ಎದ್ದು, ನನ್ನ ಮುಖವನ್ನೇ ನೋಡಿ, ಏನೂ ಅವಸರವಿಲ್ಲದೆ ಹೊರಟುಹೋಯಿತು. ಯಾರೋ ಹೆಣ್ಣುಮಗಳು ಇಲ್ಲಿ ಕೂತು ಖಾರ ರುಬ್ಬಿದ್ದಾಳೆ ಎಂದುಕೊಂಡೆ. ಎಷ್ಟೋ ಅಣೆಕಟ್ಟುಗಳಲ್ಲಿ ಇಳಿದಿದ್ದೇನೆ, ಆದರೆ ನೀರಿನ ಕೆಳಗೆ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು ಅನಿಸಿದ್ದು ಅದೊಂದೇ ಸಲ.

ಮನೆ ದಾಟಿದ ಮೇಲೆ ಹಳಿ ಸಿಕ್ಕಿತು. ಕೆಸರಿನಲ್ಲಿ ಎರಡು ಗೆರೆ. ಒಂದನ್ನು ಕೈಯಲ್ಲಿ ತಡವುತ್ತ ಇಳಿಜಾರಿನಲ್ಲಿ ಹೋದೆ. ಬೆಳಕಿನ ಮುಂದೆ ಏನೋ ಕಪ್ಪಗೆ ಎದ್ದಿತು.

ಡಬ್ಬಿ. ಉರುಳಿಲ್ಲ, ಒಡೆದಿಲ್ಲ. ನಾಲ್ಕು ಗಾಲಿಯ ಮೇಲೆ, ಹಳಿಯ ಮೇಲೆಯೇ, ನೆಟ್ಟಗೆ ನಿಂತಿದೆ. ಮೇಲೆ ಇಷ್ಟು ವರ್ಷ ತೆಪ್ಪಗಳು ಓಡಾಡಿವೆ, ಹೊಳೆ ಎಷ್ಟು ಸಲ ಬಂದು ಹೋಗಿದೆ, ಇದು ಮಾತ್ರ ಕಟ್ಟಿದ ಎಮ್ಮೆಯಂತೆ ತನ್ನ ಜಾಗದಲ್ಲೇ ಇದೆ. ದೇವರ ಮುಂದೆಯೂ ನಾನು ಅಷ್ಟು ಭಕ್ತಿಯಿಂದ ನಿಂತಿಲ್ಲ.

ಹತ್ತಿರ ಹೋಗಿ ನೋಡಿದರೆ ನಿಜಕ್ಕೂ ಕಟ್ಟಿತ್ತು. ಡಬ್ಬಿಯ ಹಿಂದಿನಿಂದ ದಪ್ಪ ಸರಪಳಿ ಹೋಗಿ ಪಕ್ಕದ ಬಂಡೆಗೆ ಎರಡು ಸುತ್ತು ಬಿದ್ದು ಕೊಂಡಿ ಹಾಕಿತ್ತು. ಅದು ಸಾಲದೆಂಬಂತೆ ನಾಲ್ಕೂ ಗಾಲಿಗೆ ಕಲ್ಲಿನ ಆಸರೆ. ಏರಿನಲ್ಲಿ ಬಂಡಿ ನಿಲ್ಲಿಸಿದಾಗ ನಮ್ಮ ಕಡೆ ಎಲ್ಲರೂ ಇಡುವ ಹಾಗೆಯೇ, ಗಾಲಿಗೆ ತಗುಲಿದಂತೆ ಒತ್ತಾಗಿ. ನಾನು ಅಲ್ಲೇ ಮಂಡಿಯೂರಿ ಅತ್ತುಬಿಟ್ಟೆ. ಮಾಸ್ಕಿನೊಳಗೆ ಅತ್ತರೆ ಒರೆಸಿಕೊಳ್ಳಲು ದಾರಿಯಿಲ್ಲ. ಕಣ್ಣು ಮಂಜಾಗಿದ್ದರೂ ತಲೆಯ ಮೇಲಿನ ಸಣ್ಣ ಕ್ಯಾಮೆರಾ ತನ್ನ ಕೆಲಸ ಮಾಡುತ್ತಿತ್ತು.

ಮೇಲೆ ಬಂದಾಗ ಆ ಹಿರಿಯ ಮೀನುಗಾರರು ಏನಾಯಿತೆಂದು ಕೇಳಿದರು. "ಐತ್ರಿ" ಎಂದೆ. ಅವರು ಒಂದು ಬೊಗಸೆ ನೀರೆತ್ತಿ ಕಣ್ಣಿಗೆ ಒತ್ತಿಕೊಂಡರು.

ಆವತ್ತೇ ಬೈಕ್ ಹತ್ತಿ ಕೊಪ್ಪಳದ ಮೇಲೆ ಹಾದು ಮಂಗಳೂರಿಗೆ ಹೋದೆ. ಅತ್ತೆಯ ಮಗ ವಿಡಿಯೋ ನೋಡುತ್ತ ನೋಡುತ್ತ ಎದ್ದು ನಿಂತ. ಸರಪಳಿ ಬಂದಾಗ ನನಗೆ ಹೊಳೆದದ್ದನ್ನು ಹೇಳಿದೆ. ಸಂಜೆ ಕೆಲಸ ಮುಗಿದ ಮೇಲೆ ಡಬ್ಬಿಗಳನ್ನೆಲ್ಲ ಒಂದಕ್ಕೊಂದು ಜೋಡಿಸಿ ಇಳಿಜಾರಿನ ಮೇಲಿನಿಂದ ಹಗ್ಗದಲ್ಲಿ ಎಳೆದುಕೊಳ್ಳುತ್ತಿದ್ದರಂತೆ. ಅಲ್ಲಿಯವರೆಗೆ ಬ್ರೇಕು ಹಾಕಿದ್ದರೆ ಸಾಕಿತ್ತು. ಆದರೆ ಬಂಡಿ ಹೊಡೆದ ಮುತ್ಯಾ ಬ್ರೇಕನ್ನು ನಂಬುವವನೇ? ಮಳೆಗೆ ಜಾರೀತೆಂದು ತನ್ನ ಡಬ್ಬಿಯನ್ನು ಬಂಡೆಗೆ ಕಟ್ಟಿ ಮನೆಗೆ ಹೋಗಿರಬೇಕು. ಹಗ್ಗ ಎಳೆದಾಗ ಉಳಿದವು ಮೇಲೆ ಹೋದವು, ಇದು ಕಳಚಿಕೊಂಡು ಅಲ್ಲೇ ಉಳಿಯಿತು. ಬೆಳಗಾಗುವುದರೊಳಗೆ ನೀರು ಬಂತು. ಕಟ್ಟಿದ್ದು ತಾನೇ ಎಂದರೆ ತಪ್ಪು ತನ್ನ ಮೇಲೇ ಬರುತ್ತದೆಂದು ಅದನ್ನು ಯಾರಿಗೂ ಹೇಳಿರಲಿಕ್ಕಿಲ್ಲ. ಅವನು ಕದ್ದವನಲ್ಲ, ಅತಿಯಾಗಿ ಜೋಪಾನ ಮಾಡಿದವನು.

ಮಗ ವಿಡಿಯೋವನ್ನು ತನ್ನ ಫೋನಿಗೆ ಹಾಕಿಸಿಕೊಂಡು ಅಂಗಳಕ್ಕೆ ಓಡಿದ. ಇನ್ನು ಯಾರು ನಮ್ಮನ್ನು ಕಳ್ಳರೆನ್ನುತ್ತಾರೋ ನೋಡೋಣ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳತೊಡಗಿದ. ಅತ್ತೆ ಮಾತ್ರ ನನ್ನ ಮೊಬೈಲನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೇ ಇದ್ದಳು. ಅವಳು ಕುಣಿದಾಡುತ್ತಾಳೆ ಎಂದುಕೊಂಡಿದ್ದ ನಾನು ಪೆದ್ದ.

"ನಾಕೂ ಗಾಲಿಗಿ ಕಲ್ಲು ಕೊಟ್ಟಿದ್ದನೇನು?"

"ನಾಕೂ ಗಾಲಿಗಿ, ಅತ್ತಿ."

ನನ್ನನ್ನು ನೋಡದೆಯೇ ಹೇಳಿದಳು.

"ಸಾಯೂ ಮುಂದ ನಮ್ಮಪ್ಪ ನನ್ನ ಕೈ ಹಿಡಕೊಂಡು, ಊರು ನಂಬದಿದ್ರ ಬಿಡ್ಲಿ, ನೀ ಒಬ್ಬಾಕಿ ನಂಬವ್ವ ಅಂದ. ನಾ ಕೈ ಬಿಡಿಸ್ಕೊಂಡು ಹೊರಗ ಹೋದ್ನಿ. ತಿರುಗಿ ಬರೂದ್ರಾಗ ಜೀವಾ ಹೋಗಿತ್ತು."

ಅಂಗಳದಲ್ಲಿ ಮಗನ ನಗು ಕೇಳುತ್ತಿತ್ತು. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡಳು.

"ನಾಳಿ ನನ್ನ ಆ ತೆಪ್ಪದಾಗ ಕರ್ಕೊಂಡು ಹೋಗು, ತಮ್ಮಾ. ಅಂವಗ ನಾ ಒಂದು ಮಾತು ಹೇಳೂದೈತಿ."